ಕಾಂಪೌಂಡರಮ್ಮನ ಮದುವೆ

ನ್ಯೂ ಟೌನಿನಲ್ಲಿ ತಂಗಿಯ ಮಗಳಿಗೆ ಕೊಟ್ಟ ಮನೆಯ ಒಳಗೇ ನಲ್ಲಿಯಿದೆ, ಗೋಡೆಯ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ ಎಂಬ ಸುದ್ದಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಮುಟ್ಟಿದ ಎಂಟನೆಯ ದಿವಸಕ್ಕೆ ಉಜ್ಜನಪ್ಪನವರಿಗೆ ಅವಳ ಮದುವೆಯ ಚಿಂತೆ ಶುರುವಾಯಿತು. ಹುಡುಗಿಗೆ ಇಪ್ಪತ್ತೆರಡು ತುಂಬಿತ್ತು. ಈ ಚಿಂತೆ ಇನ್ನೂ ಆರೇಳು ವರ್ಷ ಮೊದಲೇ ಶುರುವಾಗಬಹುದಿತ್ತು. ಆದರೆ ಆಗ ಅದು ಖರ್ಚಿನ ಚಿಂತೆಯಾಗಿತ್ತು. ಖರ್ಚಿನ ಚಿಂತೆಗಳನ್ನು ಉಜ್ಜನಪ್ಪನವರು ಮೂಟೆ ಕಟ್ಟಿ ಅಟ್ಟಕ್ಕೆ ಹಾಕುವವರು.

ಶಿವಮೊಗ್ಗದಲ್ಲಿ ಅವರದು ಬೆಲ್ಲದ ಮಂಡಿ. ತಂಗಿ ಕಾಶಮ್ಮ ಗಂಡನನ್ನು ಕಳೆದುಕೊಂಡು, ಎಂಟು ವರ್ಷದ ಮಗಳು ಜಗದಾಂಬಾಳ ಕೈ ಹಿಡಿದು ದುರ್ಗಿಗುಡಿಯ ಅವರ ಮನೆಗೆ ಬಂದಾಗ ಹಿತ್ತಿಲ ಕೋಣೆಯೊಂದನ್ನು ಬಿಟ್ಟುಕೊಟ್ಟರು. ಆವತ್ತಿನಿಂದ ಹದಿನಾಲ್ಕು ವರ್ಷ ಆ ಮನೆಯ ಹನ್ನೊಂದು ಬಾಯಿಗೆ ಎರಡು ಹೊತ್ತೂ ರೊಟ್ಟಿ ತಟ್ಟಿದವಳು ಕಾಶಮ್ಮ. "ತಂಗಿನ ಸಾಕ್ತಿದೀನಿ" ಎಂದು ಮಠದ ಜಗಲಿಯ ಮೇಲೆ ಹೇಳಿಕೊಂಡು ಭೇಷ್ ಅನ್ನಿಸಿಕೊಂಡವರು ಉಜ್ಜನಪ್ಪ. ಕಾಶಮ್ಮನೂ ಅದನ್ನು ನಂಬಿದ್ದಳು. ನಂಬದೆ ಇದ್ದವಳು ಮಗಳು ಒಬ್ಬಳೇ.

ಜಗದಾಂಬಾ ಹದಿಮೂರನೆಯ ವಯಸ್ಸಿಗೆ ಅದೇ ಬೀದಿಯ ಡಾಕ್ಟರೊಬ್ಬರ ದವಾಖಾನೆಗೆ ಬಾಟಲಿ ತೊಳೆಯಲು ಹೋದಳು. ತೊಳೆದ ಬಾಟಲಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುವ ಕೆಲಸ ಆಮೇಲೆ ಬಂತು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಅವಳು ಕತ್ತರಿಸಿದ ಪಟ್ಟಿಯಲ್ಲಿ ಹಲ್ಲುಗಳು ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ ಎಂಬುದನ್ನು ಡಾಕ್ಟರು ಗಮನಿಸಿ, ತಕ್ಕಡಿ ಹಿಡಿಯುವುದನ್ನು ಕಲಿಸಿದರು. ಅಲ್ಲಿಯ ಹಳೆಯ ಕಾಂಪೌಂಡರ್ ಹೊನ್ನಯ್ಯನಿಗೆ ಇದು ಸರಿಬೀಳಲಿಲ್ಲ. "ಒಲೆ ಮುಂದೆ ಕೂರೋ ಕೈಗೆ ತಕ್ಕಡಿ ಕೊಟ್ರೆ ಔಷಧಿಗೆ ಒಗ್ಗರಣೆ ಹಾಕ್ತಾಳೆ ಸ್ವಾಮಿ" ಎನ್ನುತ್ತಿದ್ದ. ಹೊನ್ನಯ್ಯ ತಾನು ಮಾತ್ರ ಮೂವತ್ತು ವರ್ಷದಿಂದ ಕಣ್ಣಳತೆಯಲ್ಲೇ ಪುಡಿ ಹಾಕುತ್ತಿದ್ದ. ಅವನ ಕೈಯಲ್ಲಿ ಬದುಕಿದವರೆಲ್ಲ ಅವನನ್ನು ಹೊಗಳುತ್ತಿದ್ದರು. ಉಳಿದವರು ಏನೂ ಹೇಳುವಂತಿರಲಿಲ್ಲ.

ಕಾಂಪೌಂಡರ್ ಪರೀಕ್ಷೆಯನ್ನು ಜಗದಾಂಬಾ ಮೊದಲ ಸಲಕ್ಕೇ ಪಾಸು ಮಾಡಿದಳು. ಸಾವಿರದ ಒಂಬೈನೂರ ನಲವತ್ತೆರಡರ ಯುಗಾದಿಯ ಹೊತ್ತಿಗೆ ಗಂಡಸು ಕಾಂಪೌಂಡರುಗಳು ಹಿಂಡು ಹಿಂಡಾಗಿ ಯುದ್ಧಕ್ಕೆ ಹೋಗಿದ್ದರಿಂದ, ನ್ಯೂ ಟೌನಿನ ಅಂಚಿನಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹೆಂಗಸರ ಆಸ್ಪತ್ರೆ ಬೇರೆ ದಾರಿಯಿಲ್ಲದೆ ಅವಳನ್ನು ಕರೆದು, ಇರಲು ಮನೆಯನ್ನೂ ಕೊಟ್ಟಿತು. ತಾಯಿ ಮಗಳು ಒಂದು ಟ್ರಂಕು, ಒಂದು ರೊಟ್ಟಿ ಹೆಂಚು ಹಿಡಿದು ರೈಲು ಹತ್ತಿದರು. ಆ ಸಂಜೆಯಿಂದ ಉಜ್ಜನಪ್ಪನವರ ಮನೆಯಲ್ಲಿ ರೊಟ್ಟಿ ಸೀಯತೊಡಗಿತು.

ವೈಶಾಖದ ಏಕಾದಶಿ, ಭಾನುವಾರ. ಉಜ್ಜನಪ್ಪನವರು ಹೊಳಲೂರಿನ ಗಂಗಾಧರಪ್ಪ ಎಂಬ ವರನನ್ನೂ ಅವನ ತಾಯಿ ವೀರಮ್ಮನನ್ನೂ ಬೆಳಗಿನ ರೈಲಿಗೆ ಕರೆದುಕೊಂಡು ಬಂದರು. ವರನಿಗೆ ಮೂವತ್ತೆಂಟು, ಮೊದಲ ಹೆಂಡತಿ ತೀರಿಕೊಂಡಿದ್ದಳು. ಉದ್ಯೋಗ ಜಮೀನು ನೋಡಿಕೊಳ್ಳುವುದು. ಜಮೀನನ್ನು ಅಣ್ಣಂದಿರು ಉಳುತ್ತಿದ್ದರು, ಇವನು ನೋಡುತ್ತಿದ್ದ.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣನ್ನು ನಡೆಸುವುದು, ಹಾಡಿಸುವುದು, ಜಡೆ ನಿಜವೋ ಚೌರಿಯೋ ಎಂದು ನೋಡುವುದು ಹಿಂದಿನಿಂದ ನಡೆದುಬಂದದ್ದು. ಜಗದಾಂಬಾ ಇದಕ್ಕೆಲ್ಲ ಹಲ್ಲು ಕಚ್ಚಿಕೊಂಡು ಸಿದ್ಧವಾಗಿ, ತಾಯಿಯ ಒತ್ತಾಯಕ್ಕೆ ಒಂದು ಒಳ್ಳೆಯ ಸೀರೆ ಉಟ್ಟು ಬಂದು ಕೂತಿದ್ದಳು. ಆದರೆ ಬಂದವರು ಅವಳ ಕಡೆ ನೋಡಲೇ ಇಲ್ಲ. ವೀರಮ್ಮ ನೆಟ್ಟಗೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು. ನೀರು ಬಂತು. ನಿಲ್ಲಿಸಿದರು. ಮತ್ತೆ ತಿರುಗಿಸಿದರು. ಮತ್ತೂ ಬಂತು.

"ದಿನಾ ಹಿಂಗೇ ಬರುತ್ತೇನಮ್ಮ?"

"ಎರಡು ಹೊತ್ತು ಬರುತ್ತೆ" ಎಂದಳು ಕಾಶಮ್ಮ.

"ನೋಡ್ದೇನೋ ಗಂಗಾಧರ, ನೀರು ಹೊರೋ ಕಷ್ಟಿಲ್ಲ ನಿಂಗೆ."

ಗಂಗಾಧರಪ್ಪ ಹುಟ್ಟಿದಾಗಿನಿಂದ ಒಂದು ಕೊಡ ನೀರು ಹೊತ್ತವನಲ್ಲ. ಆದರೂ ದೊಡ್ಡ ಭಾರ ಇಳಿದವನಂತೆ ಉಸಿರು ಬಿಟ್ಟ. ಎದ್ದು ಗೋಡೆಯ ಗುಂಡಿ ಒತ್ತಿದ. ಹಗಲು ಹನ್ನೊಂದು ಗಂಟೆಗೆ ದೀಪ ಹತ್ತಿತು. ಆರಿಸಿದ, ಹತ್ತಿಸಿದ, ಆರಿಸಿದ. ಆಮೇಲೆ ಅವತ್ತಿಡೀ ದಿವಸದಲ್ಲಿ ಕನ್ಯೆಯನ್ನು ಕೇಳಿದ ಒಂದೇ ಒಂದು ಪ್ರಶ್ನೆಯನ್ನು ಕೇಳಿದ.

"ಇದಕ್ಕೆ ಸೀಮೆಎಣ್ಣೆ ಬ್ಯಾಡ್ವಾ?"

"ಬೇಡ" ಎಂದಳು ಜಗದಾಂಬಾ.

ಅವನಿಗೆ ಹೆಣ್ಣು ಒಪ್ಪಿಗೆಯಾಯಿತು.

ಕಾಶಮ್ಮ ಉಪ್ಪಿಟ್ಟು ತಂದುಕೊಟ್ಟಳು. ವೀರಮ್ಮ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೇಳಿದರು: "ಸಂಬಳ ವರ್ಷಾ ವರ್ಷಾ ಏರುತ್ತಂತಲ್ಲ, ಉಜ್ಜನಪ್ಪನೋರೆ?"

"ಏರ್ದೆ ಇರುತ್ತಾ ವೀರಮ್ಮನೋರೆ! ಟ್ರಸ್ಟಿಂದು. ಕಲ್ಲು ಕಂಬ ಇದ್ದಂಗೆ."

"ಮದುವೆಯಾದ್ರೆ ಏರಲ್ಲ ಮಾವ" ಎಂದಳು ಜಗದಾಂಬಾ. "ಕೆಲಸಾನೇ ಇರಲ್ಲ. ನೇಮಕದ ಕಾಗದದಲ್ಲೇ ಬರೆದಿದೆ. ಮದುವೆಯಾದ ದಿವಸಕ್ಕೆ ಕೆಲಸ ಮುಗೀತು. ಹದಿನೈದು ದಿನದೊಳಗೆ ಮನೆ ಬಿಡಬೇಕು."

ವೀರಮ್ಮನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. "ಮನೇನೂವಾ?"

"ನಲ್ಲಿ ಸಮೇತ."

ಗಂಗಾಧರಪ್ಪ ತಲೆಯೆತ್ತಿ ದೀಪದ ಬುರುಡೆಯನ್ನು ನೋಡಿದ. ಎರಡು ಊರಿನ ನಡುವೆ ರೈಲು ಚಾರ್ಜು ಕೊಟ್ಟು ಬಂದವರ ಮುಖದಲ್ಲಿ ಎಷ್ಟು ದುಃಖ ಕಾಣಬಹುದೋ ಅಷ್ಟೂ ಕಂಡಿತು. ಆದರೆ ಉಜ್ಜನಪ್ಪನವರು ಮಂಡಿಯಲ್ಲಿ ತಳಕ್ಕೆ ಕಲ್ಲುಬೆಲ್ಲ, ಮೇಲಕ್ಕೆ ಒಳ್ಳೆಬೆಲ್ಲ ಜೋಡಿಸಿ ಪಳಗಿದವರು. ಒಂದು ಗಳಿಗೆಯಲ್ಲಿ ದಾರಿ ಹುಡುಕಿದರು.

"ಅಷ್ಟೇ ತಾನೆ? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಅಯ್ಯನೋರನ್ನ ಕರೆಸಿ ಹೊಳಲೂರಲ್ಲೇ ಹತ್ತು ಜನರ ಮುಂದೆ ಮುಗಿಸೋಣ. ಆಸ್ಪತ್ರೆಯೋರ್ಗೆ ಯಾರು ಹೇಳ್ತಾರೆ? ತಾಳಿನ ಕುಪ್ಪಸದೊಳಗೆ ಹಾಕ್ಕೊಂಡ್ರಾಯ್ತು."

"ಸಾಕು, ಹತ್ತು ಜನ ಸಾಕು" ಎಂದರು ವೀರಮ್ಮ. ಕೈ ಬಾಯಿಗೆ ಹೋಯಿತು.

"ಶನಿವಾರ ಬಂದು ಸೋಮವಾರ ಹೋಗ್ತೀನಿ" ಎಂದ ಗಂಗಾಧರಪ್ಪ, ಹುಮ್ಮಸ್ಸಿನಿಂದ. "ಅಕ್ಕಪಕ್ಕದೋರು ಕೇಳಿದ್ರೆ ನಮ್ಮಣ್ಣ ಅಂದ್ಬಿಡ್ಲಿ."

ಜಗದಾಂಬಾ ಅವನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು. ಒಳ್ಳೆಯ ಬಿಳಿ ಪಂಚೆ, ಎಣ್ಣೆ ಹಚ್ಚಿ ಬಾಚಿದ ತಲೆ. ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಒಂದಿಷ್ಟು ಉದ್ಯೋಗ ಬೇಕು.

"ಒಳ್ಳೇದಾಯ್ತು" ಎಂದಳು. "ನನಗೆ ಅಣ್ಣ ಇರ್ಲಿಲ್ಲ. ಹಂಗೇ ಇದ್ಬಿಡಿ."

ಅಡಿಗೆಮನೆಯಲ್ಲಿ ಕಾಶಮ್ಮನಿಗೆ ಕೆಮ್ಮು ಬಂತು. ಅದು ನಿಜವಾಗಿ ಕೆಮ್ಮೋ ಅಲ್ಲವೋ ಎಂದು ಜಗದಾಂಬಾಳಿಗೆ ಅನುಮಾನ.

ಹೊಳಲೂರಿನವರನ್ನು ಸ್ಟೇಷನ್ನಿನ ದಾರಿಗೆ ಬಿಟ್ಟು ಉಜ್ಜನಪ್ಪನವರು ತಿರುಗಿ ಬಂದರು. ಬಾಗಿಲಲ್ಲೇ ನಿಂತು ಕೂಗಾಡಿದರು. "ನಾನು ಕೊಟ್ಟ ಮಾತಿಗೆ ಬೆಂಕಿ ಇಟ್ಯಲ್ಲೇ! ಬಾಟ್ಲಿ ತೊಳೆಯೋಳು ನೀನು. ಮ್ಯಾನೇಜರಿಗೆ ಒಂದು ಕಾಗ್ದ ಬರೆದ್ರೆ ಮುಗೀತು ನಿನ್ನ ದರ್ಬಾರು. ಆಗ ಇಬ್ರೂ ನನ್ನ ಹಿತ್ಲಿಗೇ ಬರ್ಬೇಕು, ತಿಳ್ಕೋ."

ಆ ಮಾತಿನ ಕೊನೆಯಲ್ಲಿ ಅವರ ಗಂಟಲು ಸ್ವಲ್ಪ ಮೆತ್ತಗಾದದ್ದನ್ನು ಜಗದಾಂಬಾ ಗಮನಿಸಿದಳು. ಮನುಷ್ಯ ಸೀದ ರೊಟ್ಟಿ ತಿಂದು ಸೊರಗಿದ್ದ.

ಅಣ್ಣ ಹೋದ ಮೇಲೆ ಕಾಶಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ಇವ್ನು ಬ್ಯಾಡ, ಹೋಗ್ಲಿ. ಇನ್ನೊಬ್ಬ ಬರ್ತಾನೆ ಅನ್ನೋಣ. ಆಗ್ಲೂ ಕೆಲ್ಸ ಹೋಗುತ್ತೆ ಅಂತೀಯ. ನನ್ನ ಕಾಲ ಆದ್ಮೇಲೆ ನಿಂಗ್ಯಾರೇ ಮಾರಾಯ್ತಿ?"

ಮದುವೆ ಬೇಕೋ ಬೇಡವೋ ಎಂದು ಜಗದಾಂಬಾಳಿಗೇ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಾದ್ದರಿಂದ ಅವಳೂ ಯೋಚಿಸಿರಲಿಲ್ಲ. ಈ ಕಡೆಯವರು ಸಂಬಳ ಇದ್ದರೆ ಮದುವೆಯಾಗುತ್ತೇವೆ ಎನ್ನುತ್ತಿದ್ದರು, ಆ ಕಡೆಯವರು ಮದುವೆಯಾಗದಿದ್ದರೆ ಸಂಬಳ ಕೊಡುತ್ತೇವೆ ಎನ್ನುತ್ತಿದ್ದರು. ಎರಡು ತಟ್ಟೆಯಲ್ಲೂ ಅವಳನ್ನೇ ಇಟ್ಟು ತೂಗುತ್ತಿದ್ದರು. ತಕ್ಕಡಿ ಮಾತ್ರ ಅವಳ ಕೈಗೆ ಕೊಟ್ಟಿರಲಿಲ್ಲ. ಒಂದು ಮಾತ್ರ ಅವಳಿಗೆ ಖಚಿತವಿತ್ತು: ಆ ಹಿತ್ತಿಲ ಕೋಣೆಗೆ ತಾಯಿಯನ್ನು ತಿರುಗಿ ಕರೆದುಕೊಂಡು ಹೋಗುವುದಿಲ್ಲ. ಹೋಗದೆ ಇರಬೇಕಾದರೆ ಈ ಕೆಲಸ ಉಳಿಯಬೇಕು.

ಎರಡೂವರೆ ತಿಂಗಳು ಕಳೆದ ಮೇಲೆ, ಆಷಾಢ ಹುಟ್ಟಿದ ನಾಲ್ಕನೆಯ ದಿವಸ, ಆಸ್ಪತ್ರೆಯ ಆಫೀಸಿಗೆ ಒಂದು ಮೂಗರ್ಜಿ ಬಂತು. ಬರೆದವನ ಹೆಸರಿರಲಿಲ್ಲ, ಕೆಳಗೆ "ಸಮಾಜದ ಹಿತೈಷಿ" ಎಂದಿತ್ತು. ವಿಚಾರಣೆಗೆ ಟ್ರಸ್ಟಿನ ಕಾರ್ಯದರ್ಶಿಗಳು ಹೆಡ್ ಗುಮಾಸ್ತ ರಾಮಯ್ಯನವರನ್ನು ನೇಮಿಸಿದರು. ರಾಮಯ್ಯನವರು ಕನ್ನಡಕದ ಮೇಲಿನಿಂದ ಜಗತ್ತನ್ನು ನೋಡುವ ಮನುಷ್ಯ. ಉಗುರು ತೆಗೆಯುವುದಕ್ಕೂ ವಾರ ತಿಥಿ ನೋಡುತ್ತಿದ್ದರು. ಆಫೀಸಿನ ಫೈಲುಗಳನ್ನು ಮಾತ್ರ ರಾಹುಕಾಲ ಕಳೆದು, ಊಟದ ಹೊತ್ತು ಕಳೆದು, ಉಳಿದ ಹೊತ್ತಿನಲ್ಲಿ ನೋಡುತ್ತಿದ್ದರು. ಜಗದಾಂಬಾಳನ್ನು ಕರೆಸಿ ಮೇಜಿನ ಮುಂದೆ ನಿಲ್ಲಿಸಿದರು. ಪಕ್ಕದ ಕುರ್ಚಿಯಲ್ಲಿ ಆಸ್ಪತ್ರೆಯ ಡಾಕ್ಟರು ಶೇಷಮ್ಮ ಕೂತಿದ್ದರು.

ರಾಮಯ್ಯನವರು ಕಾಗದ ಓದಿದರು. ಹೊಳಲೂರಿನ ಗಂಗಾಧರಪ್ಪನೆಂಬ ವರನು ವೈಶಾಖ ಶುದ್ಧ ಏಕಾದಶಿ ಭಾನುವಾರ ಆಸ್ಪತ್ರೆಯ ಮನೆಯಲ್ಲೇ ಹೆಣ್ಣು ನೋಡಿದನು. ಅದೇ ವೈಶಾಖ ಬಹುಳ ಷಷ್ಠಿ ಬುಧವಾರ ಬೆಳಿಗ್ಗೆ ಮಿಥುನ ಲಗ್ನದಲ್ಲಿ ಹೊಳಲೂರಿನಲ್ಲಿ ಗುರುಹಿರಿಯರ ಸಮಕ್ಷಮ ಮಾಂಗಲ್ಯಧಾರಣೆಯಾಯಿತು. ಬಂದವರಿಗೆ ಅನ್ನ, ಸಾರು, ಪಾಯಸದ ಊಟ ನಡೆಯಿತು. ಮದುವೆಯನ್ನು ಮುಚ್ಚಿಟ್ಟು ಕಾಂಪೌಂಡರಮ್ಮನು ಸಂಬಳ ತಿನ್ನುತ್ತಿರುವಳು.

"ಏನಮ್ಮ ಇದು?" ಎಂದರು.

"ಸುಳ್ಳು ಸ್ವಾಮಿ. ಹೆಣ್ಣು ನೋಡೋಕೆ ಬಂದಿದ್ದು ನಿಜ. ಮದುವೆ ಆಗಿಲ್ಲ."

"ಎಲ್ಲರೂ ಹಾಗೇ ಅಂತಾರೆ. ಆಗಿಲ್ಲ ಅನ್ನೋದಕ್ಕೆ ದಾಖಲೆ ಏನಿದೆ?"

ಆಗದೆ ಇದ್ದದ್ದಕ್ಕೆ ದಾಖಲೆ ಎಲ್ಲಿಂದ ತರುವುದು? ಔಷಧಿಯಲ್ಲಿ ವಿಷವಿದ್ದರೆ ಪರೀಕ್ಷೆ ಮಾಡಿ ತೋರಿಸಬಹುದು. ಈ ಮನುಷ್ಯ ಮಾತ್ರ ಖಾಲಿ ಬಾಟಲಿಯನ್ನು ಮುಂದಿಟ್ಟು, ಇದರಲ್ಲಿ ಏನೂ ಇರಲಿಲ್ಲವೆಂದು ತೋರಿಸು ಎನ್ನುತ್ತಿದ್ದಾನೆ.

"ಮನೆ ಗಂಡಸರು ಯಾರಾದ್ರೂ ಬಂದು ಬರೆದುಕೊಡ್ಲಿ. ತಂದೆಯಿಲ್ಲ ಅಂತ ಫೈಲಲ್ಲಿದೆ, ಸೋದರಮಾವ ಇದ್ದಾರೇನು?"

ಜಗದಾಂಬಾಳಿಗೆ ನಗು ಬಂತು, ತಡೆದುಕೊಂಡಳು. "ಇದ್ದಾರೆ. ಈ ಕಾಗದ ಅವರೇ ಬರೆಸಿರೋದು."

"ಹಿರಿಯರ ಮೇಲೆ ಹಾಗೆಲ್ಲ ಹೇಳಬಾರದಮ್ಮ."

ಡಾಕ್ಟರ್ ಶೇಷಮ್ಮನಿಗೆ ರೇಗಿತು. "ರೀ ರಾಮಯ್ಯನೋರೆ, ಆ ಬುಧವಾರ ಮೇ ಆರನೇ ತಾರೀಖು. ಜಾವಾ ಜಪಾನಿನೋರ ಕೈಗೆ ಹೋಗಿ ಕ್ವಿನೈನು ಚಿನ್ನ ಆಗಿದೆ. ಅವತ್ತು ಕೂಲಿ ಲೈನಿನ ಹೆಂಗಸರೆಲ್ಲ ಚಳಿಜ್ವರ ಅಂತ ಬಂದಿದ್ರು. ಬೆಳಿಗ್ಗೆ ಏಳರಿಂದ ಸಂಜೆ ಆರರ ತನಕ ಈಕೆ ನನ್ನ ಪಕ್ಕದಲ್ಲೇ ನಿಂತು ಒಬ್ಬೊಬ್ರಿಗೂ ಅಳೆದು ಕುಡಿಸಿದಾಳೆ. ಊಟಕ್ಕೂ ಹೋಗ್ಲಿಲ್ಲ."

"ತಾವು ಹೇಳೋದು ಸರಿ ಮೇಡಂ. ಆದರೆ ಬರೆದೋನು ತಾರೀಖು ತಪ್ಪಿರಬಹುದು. ಅವತ್ತಲ್ಲದಿದ್ರೆ ಮಾರನೇ ವಾರ ಆಗಿರಬಹುದು, ಮಾರನೇ ತಿಂಗಳು ಆಗಿರಬಹುದು. ಹೆಂಗಸರು ಹೆಂಗಸರ ಪರ ಹೇಳೋದು ಸಹಜ."

ಜಗದಾಂಬಾ ಆ ಕಾಗದವನ್ನೇ ನೋಡುತ್ತಿದ್ದಳು. ಆಷಾಢದಲ್ಲಿ ಕೂತು ಸುಳ್ಳು ಬರೆಯುವ ಮನುಷ್ಯ, ಹಳೆಯದೊಂದು ವೈಶಾಖದ ಬುಧವಾರವನ್ನು ಯಾಕೆ ಹುಡುಕಿಕೊಂಡು ಹೋದ? ಹೋದ ವಾರ ಎಂದು ಬರೆದಿದ್ದರೆ ಏನಾಗುತ್ತಿತ್ತು? ಡಾಕ್ಟರಮ್ಮನಿಗೆ ನೆನಪಿಟ್ಟುಕೊಳ್ಳುವಂಥ ದಿವಸವೇ ಸಿಗುತ್ತಿರಲಿಲ್ಲವಲ್ಲ? ಯೋಚಿಸುತ್ತಿದ್ದಂತೆ ಅವಳಿಗೆ ಮಾವನ ಇಡೀ ಜೀವನ ಕಣ್ಣೆದುರು ಬಂದು ಕೂತಿತು. ತೂಕದಲ್ಲಿ ಮೋಸ ಮಾಡುವ ಮೊದಲು ತಕ್ಕಡಿಗೆ ವಿಭೂತಿ ಹಚ್ಚುವವರು ಅವರು. ಸುಳ್ಳು ಮದುವೆಯಾದರೂ ಮದುವೆಯೇ; ಅದನ್ನು ಅಮಂಗಳದ ದಿವಸ ಮಾಡಿಸಲು ಅವರ ಕೈ ಬಂದಿರಲಿಲ್ಲ.

"ಸ್ವಾಮಿ, ಒಂದು ಮಾತು" ಎಂದಳು. "ಮಾರನೇ ವಾರ, ಮಾರನೇ ತಿಂಗಳು ಅಂದ್ರಿ. ಯಾವ ಲಗ್ನದಲ್ಲಿ ಆಗಿರಬಹುದು? ತಾವೇ ನೋಡಿ ಹೇಳಿ."

ರಾಮಯ್ಯನವರು ಆಸ್ಪತ್ರೆಯ ಕಾನೂನಿನ ಪುಸ್ತಕವನ್ನು ಹುಡುಕಬೇಕಾದರೆ ಅರ್ಧ ದಿವಸ ತೆಗೆದುಕೊಳ್ಳುತ್ತಿದ್ದರು. ಪಂಚಾಂಗ ಮಾತ್ರ ಮೇಲಿನ ಡ್ರಾಯರಿನಲ್ಲೇ ಇತ್ತು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದರು. ಮುಖಕ್ಕೆ ಕಳೆ ಬಂತು.

"ಏಕಾದಶಿ ಆದ್ಮೇಲೆ ಮದುವೆಗೆ ಇರೋ ಲಗ್ನ… ಇದೊಂದೇ, ಬಹುಳ ಷಷ್ಠಿ ಬುಧವಾರ. ಆಮೇಲೆ ಅಮಾವಾಸ್ಯೆ. ಅಮಾವಾಸ್ಯೆ ಕಳೆದ್ರೆ ಅಧಿಕ ಜ್ಯೇಷ್ಠ. ಅಧಿಕಮಾಸದಲ್ಲಿ ಯಾವನು ಮದುವೆ ಮಾಡ್ತಾನೆ? ಅದು ಮುಗಿಯೋ ಮುಂಚೇನೇ ಗುರು ಅಸ್ತ. ನಿಜ ಜ್ಯೇಷ್ಠ ಅದರಲ್ಲೇ ಹೋಯ್ತು. ಗುರು ಉದಯ ಆಗಿ ಕಣ್ಣು ಬಿಡೋಷ್ಟರಲ್ಲಿ ಆಷಾಢ!" ಹಾಳೆ ಮುಚ್ಚಿ ಮೇಜು ತಟ್ಟಿದರು. "ಆ ಬುಧವಾರ ಬಿಟ್ರೆ ಶ್ರಾವಣದ ತನಕ ಲಗ್ನವೇ ಇಲ್ಲ ಮೇಡಂ!"

"ಬುಧವಾರ ಈಕೆ ನನ್ನ ಹತ್ರ ಇದ್ಲು" ಎಂದರು ಶೇಷಮ್ಮ.

"ಹಾಗಾದ್ರೆ ಮದುವೆ ಆಗಿಲ್ಲ! ಆಗೋಕೆ ಸಾಧ್ಯವೇ ಇಲ್ಲ. ಶುದ್ಧ ಸುಳ್ಳು ಅರ್ಜಿ!" ರಾಮಯ್ಯನವರ ಕಣ್ಣಿನಲ್ಲಿ ಸತ್ಯ ಕಂಡವನ ಹೊಳಪಿತ್ತು. ಅಧಿಕಮಾಸದಲ್ಲಿ ಒಬ್ಬ ಹುಡುಗಿಗೆ ತಾಳಿ ಬೀಳಬಹುದು, ಗುರು ಅಸ್ತನಾದಾಗ ಹತ್ತು ಜನರ ಮುಂದೆ ಒಬ್ಬ ಅಯ್ಯನವರು ಕಾಸಿಗಾಗಿ ಮಂತ್ರ ಹೇಳಬಹುದು ಎಂಬ ಯೋಚನೆ ಅವರ ತಲೆಯ ಹತ್ತಿರಕ್ಕೂ ಸುಳಿಯಲಿಲ್ಲ. ಫೈಲು ತೆಗೆದು ಅಲ್ಲೇ ಬರೆದರು: "ವಿಚಾರಿಸಲಾಗಿ, ಸದರಿ ಅವಧಿಯಲ್ಲಿ ವಿವಾಹಯೋಗ್ಯ ಮುಹೂರ್ತಗಳಿಲ್ಲದ ಕಾರಣ ಕಾಂಪೌಂಡರ್ ಜಗದಾಂಬಾ ಅವಿವಾಹಿತಳೆಂದು ಸ್ಥಿರಪಟ್ಟಿದೆ."

ಜಗದಾಂಬಾ ಅದನ್ನು ತಲೆಕೆಳಗಾಗಿ ಓದಿದಳು. ಮೇಜಿನ ಈಚೆಯಿಂದ ಬರೆಹ ಓದುವುದು ದವಾಖಾನೆಯಲ್ಲಿ ಕಲಿತದ್ದು. ಇಪ್ಪತ್ತೆರಡು ವರ್ಷದ, ಪರೀಕ್ಷೆ ಪಾಸಾದ ಹೆಂಗಸು ತನಗೆ ಮದುವೆಯಾಗಿಲ್ಲ ಎಂದರೆ ಅದಕ್ಕೆ ಒಂದು ಗುಲಗಂಜಿ ತೂಕವಿಲ್ಲ. ಡಾಕ್ಟರು ಹೇಳಿದರೆ ಅದೂ ಹೆಂಗಸಿನ ಮಾತು. ಐವತ್ತು ಕೋಟಿ ಮೈಲಿ ಆಚೆಗಿರುವ ಒಂದು ಗ್ರಹ ಸೂರ್ಯನ ಮರೆಗೆ ಹೋಗಿ ಸಾಕ್ಷಿ ಹೇಳಿದರೆ ಅದು ದಾಖಲೆ. ಆ ಗ್ರಹಕ್ಕೆ ಹೊಳಲೂರು ಯಾವ ಕಡೆಗಿದೆ ಎಂದೂ ಗೊತ್ತಿಲ್ಲ.

ಸಿಟ್ಟು ಬಂತು. ಕೆಲಸ ಉಳಿಯಿತು ಎಂದು ಸಮಾಧಾನವೂ ಆಯಿತು.

"ಇನ್ನೊಂದು ಸಣ್ಣ ಕೆಲಸ" ಎಂದರು ರಾಮಯ್ಯನವರು, ಬಿಳಿ ಹಾಳೆ ಮುಂದೆ ಸರಿಸಿ. "ಮುಚ್ಚಳಿಕೆ ಬರಕೊಡು. ನನಗೆ ಇಂದಿನವರೆಗೆ ಮದುವೆಯಾಗಿರುವುದಿಲ್ಲ. ಮುಂದೆಯೂ ಆಗುವುದಿಲ್ಲ. ಕೆಳಗೆ ರುಜು."

ಅವಳು ಪೆನ್ನು ಮಸಿಯಲ್ಲಿ ಅದ್ದಿ ಮೊದಲನೆಯ ವಾಕ್ಯ ಬರೆದಳು. ತಾರೀಖು ಹಾಕಿದಳು. ಗಂಟೆ ನೋಡಿ ಹತ್ತೂ ಮುಕ್ಕಾಲು ಎಂದೂ ಹಾಕಿದಳು. ರುಜು ಮಾಡಿ ಪೆನ್ನು ಕೆಳಗಿಟ್ಟಳು.

"ಎರಡನೇದು?"

"ಅದು ಬರೆಯಲ್ಲ ಸ್ವಾಮಿ. ಮದುವೆಯಾದ್ರೆ ಕೆಲಸ ಹೋಗುತ್ತೆ ಅಂತ ನಿಮ್ಮ ಕಾಗದದಲ್ಲೇ ಇದೆ. ಆದಾಗ ತೆಗೆದು ಹಾಕಿ. ಆಗೋದೇ ಇಲ್ಲ ಅಂತ ಬರೆದುಕೊಡು ಅಂತ ಅದರಲ್ಲೆಲ್ಲೂ ಇಲ್ಲ."

"ಏನಮ್ಮ, ಇಷ್ಟು ಉಪಕಾರ ಮಾಡಿದ ಮೇಲೂ…"

"ಉಪಕಾರ ಗುರುವಿಂದು. ಹೊರಗೆ ಹೆಂಗಸರು ಕಾಯ್ತಿದಾರೆ, ಹೋಗ್ಲಾ?"

ಶೇಷಮ್ಮ ಕಿಟಕಿಯ ಕಡೆ ತಿರುಗಿ ಕೂತರು; ಅವರ ಹೆಗಲು ಅಲುಗುತ್ತಿತ್ತು. ರಾಮಯ್ಯನವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಡೆಗೆ ಫೈಲಿಗೆ ಸೇರಿಸಿದರು.

ಸಂಜೆ ಮನೆಗೆ ಬಂದಾಗ ಕಾಶಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಿಗ್ಗೆ ಜವಾನ ಬಂದು ಕರೆದದ್ದನ್ನು ಕಂಡವಳು ಮಧ್ಯಾಹ್ನ ಉಂಡಿರಲಿಲ್ಲ. ಟ್ರಂಕಿಗೆ ಸೀರೆಗಳನ್ನು ಆಗಲೇ ತುಂಬಿಟ್ಟಿದ್ದಳು. ಜಗದಾಂಬಾ ಕೂತು ಎಲ್ಲವನ್ನೂ ಹೇಳಿದಳು. ಮಾವನ ಹೆಸರು ಬಂದಾಗ ಕಾಶಮ್ಮ ತಲೆ ಅಲ್ಲಾಡಿಸಿದಳು.

"ನಮ್ಮಣ್ಣ ಕೂಗಾಡ್ತಾನೆ. ಇಂಥದ್ದು ಬರ್ಸಲ್ಲ ಕಣೇ. ಹೊಳಲೂರೋರೇ ಇರ್ಬೇಕು."

"ಮುಹೂರ್ತ ಎಲ್ಲ ಬರೆದಿತ್ತಮ್ಮ. ಊಟಾನೂ ಬರೆದಿತ್ತು."

"ಊಟ? ಏನೂಟ?"

"ಅನ್ನ, ಸಾರು, ಪಾಯಸ."

"ಹೋಳಿಗೆ?"

"ಇಲ್ಲ."

ಕಾಶಮ್ಮ ಬೆರಳು ಮಡಿಸಿ ಮೂರು ಅಡಿಗೆಯನ್ನೂ ಇನ್ನೊಮ್ಮೆ ಎಣಿಸಿದಳು. ಹದಿನಾಲ್ಕು ವರ್ಷ ಆ ಮನೆಯ ಹಬ್ಬಗಳಿಗೆಲ್ಲ ಹೋಳಿಗೆಯ ಬೇಳೆಯನ್ನು ಅಣ್ಣನ ಕೈಯಿಂದ ಅಳೆಸಿಕೊಂಡವಳು ಅವಳು.

"ಸುಳ್ಳು ಮದ್ವೆಗೂ ನಮ್ಮಣ್ಣ ನಿಂಗೊಂದು ಹೋಳಿಗೆ ಹಾಕ್ಸಲಿಲ್ವಲ್ಲೇ" ಎಂದಳು. "ಬರೀ ಮಸಿ ತಾನೇ ಖರ್ಚು."

ಆಮೇಲೆ ಎದ್ದು ಟ್ರಂಕಿನ ಸೀರೆಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಗೂಟಕ್ಕೆ ಹಾಕತೊಡಗಿದಳು. ಎಲ್ಲ ಹಾಕಿ ಮುಗಿದ ಮೇಲೆ, ಬೆನ್ನು ತಿರುಗಿಸಿಕೊಂಡೇ ಕೇಳಿದಳು: "ಇನ್ನೊಂದ್ಸಲ ಅವ್ನು ಬಂದ್ರೆ ಬಾಗ್ಲಲ್ಲಿ ನಾನೇ ಮಾತಾಡ್ಲೇನೆ?"

"ಮಾತಾಡಮ್ಮ" ಎಂದಳು ಜಗದಾಂಬಾ. "ನಿನಗೂ ಹದಿನಾಲ್ಕು ವರ್ಷದ್ದು ಬಾಕಿ ಇದೆ."